ಚುನಾವಣೆಯ ಕಾಲದಲ್ಲಿ ಕ್ರೈಸ್ತ ಸಭೆಯನ್ನು ನಡೆಸುವುದು ಹೇಗೆ: ಸಭಾಪಾಲಕರಿಗೂ ಸಮಿತಿಯವರಿಗೂ ಒಂದು ಕೈಪಿಡಿ

ಚುನಾವಣೆಯ ದಿನಾಂಕ ಪ್ರಕಟವಾದ ಮೇಲೆ ಬರುವ ಮೊದಲ ಭಾನುವಾರದಿಂದಲೇ ಕರ್ನಾಟಕದ ಅನೇಕ ಚರ್ಚುಗಳ ಅಂಗಳದಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಪ್ರಸಂಗ (ಉಪದೇಶ) ಮುಗಿದು ಕಾಣಿಕೆಯ ಹಾಡು ಆರಂಭವಾಗುವ ಹೊತ್ತಿಗೆ ಗೇಟಿನ ಬಳಿ ಎರಡು ಮೂರು ಕಾರುಗಳು ಬಂದು ನಿಲ್ಲುತ್ತವೆ. ಸಮಿತಿಯ ಹಿರಿಯರೊಬ್ಬರು ಪಕ್ಕದ ಬಾಗಿಲಿನಿಂದ ಒಳಬಂದು, "ಅಯ್ಯನವರೇ, ಅಭ್ಯರ್ಥಿ ಬಂದಿದ್ದಾರೆ, ಪ್ರಕಟಣೆಯ ಹೊತ್ತಿನಲ್ಲಿ ಎರಡೇ ನಿಮಿಷ ಮಾತನಾಡುತ್ತಾರಂತೆ" ಎಂದು ಸಭಾಪಾಲಕರ ಕಿವಿಯಲ್ಲಿ ಹೇಳುತ್ತಾರೆ. ಇಡೀ ಸಭೆ ನೋಡುತ್ತಿರುವಾಗ, ಹಾಡಿನ ಕೊನೆಯ ಚರಣ ಮುಗಿಯುವುದರೊಳಗೆ, ಇದಕ್ಕೆ ಸರಿಯಾದ ಉತ್ತರ ಕೊಡುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ಆ ಉತ್ತರವನ್ನು ಚುನಾವಣೆ ಬರುವ ಮೊದಲೇ ಸಿದ್ಧಪಡಿಸಿಕೊಂಡಿರಬೇಕು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದ್ದರೂ ಕಥೋಲಿಕ ಧರ್ಮಕೇಂದ್ರಗಳಿಗೂ ಸ್ವತಂತ್ರ ಸಭೆಗಳಿಗೂ ಇದರ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ.

ಇಲ್ಲಿ ಹೇಳುವ ಎಲ್ಲ ಕ್ರಮಗಳ ಹಿಂದೆಯೂ ಒಂದೇ ನಂಬಿಕೆಯಿದೆ. ಸಭೆಯವರ ಮತಗಳು ಸಭಾಪಾಲಕರವೂ ಅಲ್ಲ, ಸಮಿತಿಯವೂ ಅಲ್ಲ, ಬಿಷಪರವೂ ಅಲ್ಲ. "ನಮ್ಮ ಸಭೆಯ ಮುನ್ನೂರು ಮತ ನಿಮಗೇ" ಎಂದು ಯಾರಿಗಾದರೂ ಮಾತು ಕೊಡುವವನು ತನ್ನದಲ್ಲದ್ದನ್ನು ಕೊಡುತ್ತಿದ್ದಾನೆ. ದೇವರ ಮುಂದೆ ಒಬ್ಬೊಬ್ಬರೂ ತಮ್ಮ ಮನಸ್ಸಾಕ್ಷಿಗೆ ಉತ್ತರ ಹೇಳಬೇಕಾದವರಾದ್ದರಿಂದ, ಆ ಮನಸ್ಸಾಕ್ಷಿಯನ್ನು ಹಣದಿಂದಲೂ ಭಯದಿಂದಲೂ ಸುಳ್ಳಿನಿಂದಲೂ ಬಿಡಿಸಿ ಮತಗಟ್ಟೆಯ ತನಕ ಕಳುಹಿಸುವುದಷ್ಟೇ ಸಭೆಯ ಕೆಲಸ.

ಮೊದಲು ಕಾನೂನನ್ನು ಓದಿ

ಸಮಿತಿಯ ಸಭೆ ಕರೆದು, ಈ ಕೆಳಗಿನ ವಿಷಯಗಳನ್ನು ಗಟ್ಟಿಯಾಗಿ ಓದಿ ಹೇಳಿ. ಎಷ್ಟೋ ಸಮಿತಿಗಳಲ್ಲಿ ಇವು ಯಾರಿಗೂ ಗೊತ್ತಿರುವುದಿಲ್ಲ.

ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ 1988ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಆರಾಧನಾ ಸ್ಥಳವನ್ನಾಗಲಿ, ಅದರ ಹಣವನ್ನಾಗಲಿ, ಅದು ಏರ್ಪಡಿಸಿದ ಉತ್ಸವ ಮೆರವಣಿಗೆಗಳನ್ನಾಗಲಿ ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ತಪ್ಪಿದರೆ ಸಂಸ್ಥೆಯನ್ನು ನಡೆಸುವವರಿಗೆ ಐದು ವರ್ಷಗಳವರೆಗೆ ಸೆರೆವಾಸವನ್ನೂ ಹತ್ತು ಸಾವಿರ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ಚುನಾವಣಾ ಆಯೋಗದ ಮಾದರಿ ನೀತಿಸಂಹಿತೆಯೂ ದೇವಸ್ಥಾನ, ಮಸೀದಿ, ಚರ್ಚುಗಳನ್ನು ಪ್ರಚಾರದ ವೇದಿಕೆಯಾಗಿಸಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ.

ಪ್ರಜಾ ಪ್ರಾತಿನಿಧ್ಯ ಕಾಯ್ದೆ, 1951ರ 123ನೆಯ ಕಲಮಿನಲ್ಲಿ ಸಭಾಪಾಲಕರಿಗೆ ನೇರವಾಗಿ ತಾಗುವ ಎರಡು ಮಾತುಗಳಿವೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ ಎಂಬುದು ಒಂದು. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು ಅಭಿರಾಮ್ ಸಿಂಗ್ ಪ್ರಕರಣದಲ್ಲಿ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮವನ್ನು ಮುಂದಿಟ್ಟುಕೊಂಡು ಕೇಳಿದರೂ ಅದು ತಪ್ಪೇ ಎಂದು ನಾಲ್ಕು-ಮೂರರ ಬಹುಮತದಿಂದ ತೀರ್ಪಿತ್ತಿತು. ಇಂಥವರಿಗೆ ಮತ ಹಾಕದಿದ್ದರೆ ದೇವರ ಅವಕೃಪೆಗೆ ಗುರಿಯಾಗುವಿರಿ ಎಂದು ಹೆದರಿಸುವುದು ಅನುಚಿತ ಪ್ರಭಾವ ಎಂಬುದು ಇನ್ನೊಂದು. ಪ್ರಸಂಗಪೀಠದಿಂದ ಆಡಿದ ಒಂದು ಬಿರುಸಾದ ವಾಕ್ಯ ಈ ವ್ಯಾಖ್ಯೆಯೊಳಗೆ ಬೀಳಲು ಹೆಚ್ಚು ಹೊತ್ತು ಬೇಕಿಲ್ಲ, ಅದರಲ್ಲೂ ಆರಾಧನೆಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುವ ಸಭೆಗಳು ಇದನ್ನು ನೆನಪಿನಲ್ಲಿಡಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾದ ಸಭೆಗಳು ಇನ್ನೂ ಎಚ್ಚರದಿಂದಿರಬೇಕು, ಏಕೆಂದರೆ ರಾಜಕೀಯ ಸ್ವರೂಪದ ಸಂಘಟನೆಗಳು ಅಂಥ ದೇಣಿಗೆಯನ್ನು ಪಡೆಯುವಂತಿಲ್ಲ.

ಓದಿದ ಮೇಲೆ ಒಂದು ಚಿಕ್ಕ ನಿರ್ಣಯವನ್ನು ಬರೆದು, ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಎಲ್ಲರ ಸಹಿ ಹಾಕಿಸಿ. "ನೀತಿಸಂಹಿತೆ ಜಾರಿಯಲ್ಲಿರುವ ತನಕ ಆರಾಧನೆಯಲ್ಲಿಯೂ ಚರ್ಚಿನ ಆವರಣದಲ್ಲಿಯೂ ಯಾವ ಪಕ್ಷದ, ಯಾವ ಅಭ್ಯರ್ಥಿಯ ಭಾಷಣಕ್ಕೂ ಸನ್ಮಾನಕ್ಕೂ ಅವಕಾಶವಿಲ್ಲ; ಈ ಅವಧಿಯಲ್ಲಿ ಅಭ್ಯರ್ಥಿಗಳಿಂದಲೂ ಅವರ ಬೆಂಬಲಿಗರಿಂದಲೂ ಸಭೆಯು ದೇಣಿಗೆ ಸ್ವೀಕರಿಸುವುದಿಲ್ಲ" ಎಂಬಷ್ಟಿದ್ದರೆ ಸಾಕು. ಒಂದು ಪ್ರತಿಯನ್ನು ಸೂಚನಾ ಫಲಕಕ್ಕೆ ಅಂಟಿಸಿ. ಹೀಗೆ ಮಾಡಿದರೆ ಬೇಡವೆನ್ನುವ ಭಾರ ಒಬ್ಬ ಸಭಾಪಾಲಕರ ಹೆಗಲಿನ ಮೇಲೆ ಬೀಳದೆ ಇಡೀ ಸಮಿತಿಯದಾಗುತ್ತದೆ. ಹಳ್ಳಿಯ ಸಭೆಗಳಲ್ಲಿ, ಸ್ಥಳೀಯ ಮುಖಂಡರ ಮುಖ ನೋಡಿಕೊಂಡೇ ಬದುಕಬೇಕಾದ ಸಭಾಪಾಲಕರಿಗೆ ಇದೊಂದು ನಿಜವಾದ ರಕ್ಷಣೆ.

ಅಭ್ಯರ್ಥಿ ಬಾಗಿಲಿಗೆ ಬಂದಾಗ

ಆರಾಧನೆಗೆಂದು ಬಂದವರನ್ನು ತಡೆಯುವ ಹಕ್ಕು ನಮಗಿಲ್ಲ, ಅಭ್ಯರ್ಥಿಯೂ ಅದರಲ್ಲಿ ಸೇರಿದ್ದಾನೆ. ಅವರು ಬಂದು ಎಲ್ಲರಂತೆ ಬೆಂಚಿನಲ್ಲಿ ಕುಳಿತುಕೊಳ್ಳಲಿ. ಆದರೆ ಮುಂದಿನ ಸಾಲಿನ ಕುರ್ಚಿ, ಶಾಲು, ಹಾರ, ಹೆಸರು ಹೇಳಿ ಸ್ವಾಗತ, ಬಲಿಪೀಠದ ಬಳಿ ನಿಲ್ಲಿಸಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು, ಇವೊಂದೂ ಬೇಡ. ಆ ಕೊನೆಯದರ ಬಗ್ಗೆ ನನಗೆ ವಿಶೇಷವಾದ ಕಳವಳವಿದೆ. ಫೋಟೋ ತೆಗೆಯುವವರು ಕಾಯುತ್ತಿರುವುದು ಆ ಕ್ಷಣಕ್ಕೇ. ಮಧ್ಯಾಹ್ನದೊಳಗೆ ಆ ಚಿತ್ರ "ಕ್ರೈಸ್ತ ಸಮುದಾಯದ ಆಶೀರ್ವಾದ" ಎಂಬ ತಲೆಬರಹದೊಂದಿಗೆ ಊರೆಲ್ಲ ಹರಿದಾಡಿರುತ್ತದೆ, ಬೇರೆ ಅಭ್ಯರ್ಥಿಗೆ ಮತ ಹಾಕಲಿರುವ ಸಭೆಯ ಸದಸ್ಯನಿಗೆ ತನ್ನ ಚರ್ಚಿನಲ್ಲಿ ತಾನೇ ಪರಕೀಯನಾದಂತೆ ಅನ್ನಿಸಿರುತ್ತದೆ. ಪ್ರಾರ್ಥನೆ ಬೇಕೆಂದು ಅವರು ಮನಸಾರೆ ಕೇಳಿದರೆ, ಆರಾಧನೆಯ ನಂತರ ವಸ್ತ್ರಾಗಾರದಲ್ಲಿ, ಬೆಂಬಲಿಗರೂ ಮೊಬೈಲುಗಳೂ ಇಲ್ಲದೆ, ಯಾವ ಪಕ್ಷದವರೇ ಆಗಿರಲಿ ಅವರಿಗಾಗಿ ಪ್ರಾರ್ಥಿಸಿ ಕಳುಹಿಸಿ.

ಬಾಗಿಲ ಬಳಿ ಇಬ್ಬರು ಸ್ವಯಂಸೇವಕರನ್ನು ನಿಲ್ಲಿಸಿ, ಅವರಿಗೆ ಹೇಳಬೇಕಾದ ಮಾತನ್ನೂ ಕಲಿಸಿಕೊಡಿ: "ಸರ್, ಆರಾಧನೆಗೆ ನಿಮಗೆ ಸ್ವಾಗತ. ಪಕ್ಷದ ಶಾಲು, ಬ್ಯಾಡ್ಜು ಇದ್ದರೆ ದಯವಿಟ್ಟು ಹೊರಗಿಟ್ಟು ಬನ್ನಿ. ಒಳಗೆ ಮಾತನಾಡಲು ಯಾರಿಗೂ ಅವಕಾಶವಿಲ್ಲವೆಂದು ಸಮಿತಿ ತೀರ್ಮಾನಿಸಿದೆ." ಈ ಕೆಲಸಕ್ಕೆ ಹುಡುಗರಿಗಿಂತ, ಊರಿನಲ್ಲಿ ಗೌರವವುಳ್ಳ ಒಬ್ಬ ನಿವೃತ್ತ ಶಿಕ್ಷಕಿಯೋ ದಾದಿಯೋ ಇದ್ದರೆ ಮಾತು ಬೆಳೆಯುವುದಿಲ್ಲ.

ದೇಣಿಗೆಯ ವಿಷಯ ಹೆಚ್ಚು ಕಠಿಣವಾದದ್ದು. ಕಾಂಪೌಂಡು ಗೋಡೆ, ನೆಲಕ್ಕೆ ಟೈಲ್ಸು, ಹೊಸ ಸೌಂಡ್ ಸಿಸ್ಟಮ್, ಸ್ತ್ರೀಯರ ಅನ್ಯೋನ್ಯ ಕೂಟಕ್ಕೆ ಸೀರೆ, ಯುವಕರ ತಂಡಕ್ಕೆ ಕ್ರಿಕೆಟ್ ಕಿಟ್ ಎಂದು ಅದು ಬರುವ ರೂಪಗಳು ಹಲವು. ಎಷ್ಟೋ ವರ್ಷಗಳಿಂದ ಸೋರುತ್ತಿರುವ ಮಾಳಿಗೆಯ ಕೆಳಗೆ ಕುಳಿತ ಸಭೆಗೆ ಬೇಡವೆನ್ನುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೂ ಮತಕ್ಕಾಗಿ ಕೊಟ್ಟದ್ದು ಲಂಚ, ಅದು ದೇವರ ಮನೆಯ ಗೋಡೆಯಾಗಿ ನಿಂತರೂ ಲಂಚವೇ. ಅನುದಾನ ಬೇಕಿದ್ದರೆ ಚುನಾವಣೆ ಮುಗಿದ ಮೇಲೆ ಸರ್ಕಾರದ ಯೋಜನೆಗಳಡಿ ಅರ್ಜಿ ಹಾಕಿ ಪಡೆಯುವ ದಾರಿಯಿದೆ, ಅದನ್ನೇ ಹಿಡಿಯಿರಿ.

ಪ್ರಸಂಗದಲ್ಲಿ ಏನು ಹೇಳಬಹುದು

ಪಕ್ಷದ ಹೆಸರು ಎತ್ತಬಾರದು ಎಂದ ಮಾತ್ರಕ್ಕೆ ನ್ಯಾಯದ ಮಾತನ್ನೂ ಎತ್ತಬಾರದು ಎಂದಲ್ಲ. ಇವೆರಡನ್ನೂ ಒಂದೆಂದು ತಿಳಿದು, ಚುನಾವಣೆಯ ಎರಡು ತಿಂಗಳು ಬರೀ ಸಾಂತ್ವನದ ಪ್ರಸಂಗಗಳನ್ನು ಮಾಡುವ ಸಭಾಪಾಲಕರಿದ್ದಾರೆ. ಅದು ವಿವೇಕವಲ್ಲ, ಹಿಂಜರಿಕೆ. ಸಿ.ಎಸ್.ಐ. ಪಂಚಾಂಗದಲ್ಲಿ ವಾರವಾರಕ್ಕೂ ವಿಷಯವೂ ವಾಚನಗಳೂ ನಿಗದಿಯಾಗಿವೆ, ಅವುಗಳಿಗೇ ಅಂಟಿಕೊಳ್ಳಿ. ಚುನಾವಣೆಗೆ ಹೊಂದುವ ವಾಕ್ಯವನ್ನು ಹುಡುಕಲು ಹೋಗಬೇಡಿ, ಹಾಗೆಯೇ ಅನ್ಯಾಯವನ್ನು ಖಂಡಿಸುವ ಆಮೋಸನೋ ಮೀಕನೋ ಯಾಕೋಬನ ಪತ್ರಿಕೆಯೋ ತಾನಾಗಿ ಎದುರಾದ ವಾರ ಅದರ ಮೊನೆಯನ್ನು ಮೊಂಡು ಮಾಡಲೂ ಬೇಡಿ. ಆಳುವ ಅಧಿಕಾರಿಗಳಿಗೆ ಅಧೀನರಾಗಿರಬೇಕೆನ್ನುವ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ಓದುವಾಗ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಪೇತ್ರನೂ ಅಪೊಸ್ತಲರೂ ನ್ಯಾಯಸಭೆಯ ಮುಂದೆ ನುಡಿದದ್ದನ್ನೂ ಜೊತೆಗಿಟ್ಟು ಓದಿ. ಒಂದನ್ನು ಮಾತ್ರ ಓದಿದರೆ ಸಭೆಗೆ ಅರ್ಧ ಸತ್ಯವನ್ನು ಕೊಟ್ಟಂತಾಗುತ್ತದೆ.

ದಲಿತ ಕ್ರೈಸ್ತರ ವಿಷಯವನ್ನೇ ನೋಡಿ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರೂ ಮುಸ್ಲಿಮರೂ ಹೊರಗುಳಿದರು. ಇದನ್ನು ಸಭೆಗೆ ವಿವರಿಸುವುದು ಪಕ್ಷ ರಾಜಕೀಯವಲ್ಲ. ವಿವರಿಸುವಾಗಲೇ, ನಮ್ಮೊಳಗೇ ಮದುವೆಯ ಮಾತುಕತೆಯಲ್ಲಿ, ಸಮಿತಿಯ ಚುನಾವಣೆಯಲ್ಲಿ, ಕೆಲವು ಕಡೆ ಸಮಾಧಿಯ ಜಾಗದಲ್ಲಿಯೂ ಜಾತಿ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನೂ ಹೇಳುವ ಧೈರ್ಯವಿರಬೇಕು. ಸರ್ಕಾರದಿಂದ ನ್ಯಾಯ ಕೇಳುವ ಬಾಯಿ ತನ್ನ ಮನೆಯ ಅನ್ಯಾಯದ ಬಗ್ಗೆ ಮುಚ್ಚಿಕೊಂಡಿದ್ದರೆ ಆ ಕೂಗಿಗೆ ಬಲವಿರುವುದಿಲ್ಲ.

ಭಯದ ಬಗ್ಗೆಯೂ ಮುಚ್ಚಿಡದೆ ಮಾತನಾಡಬೇಕು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿಯೂ ರಾಜ್ಯದ ಇತರ ಕೆಲವೆಡೆಗಳಲ್ಲಿಯೂ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳನ್ನು ಕಂಡವರು ನಮ್ಮ ಸಭೆಗಳಲ್ಲಿ ಇನ್ನೂ ಇದ್ದಾರೆ. ಅಂಥ ನೆನಪಿರುವ ಸಮುದಾಯಕ್ಕೆ ಎಲ್ಲರೂ ಒಂದೇ ಕಡೆ ಮತ ಹಾಕಿ ರಕ್ಷಣೆ ಪಡೆಯೋಣ ಎಂದು ಅನ್ನಿಸುವುದು ಸಹಜ, ಅದನ್ನು ಹೀಗಳೆಯಬೇಡಿ. ಆದರೆ ಗಟ್ಟಿಯಾಗಿ ಒಂದು ಪಕ್ಷದ ಜೇಬಿಗೆ ಸೇರಿದ ಮತವನ್ನು ಆ ಪಕ್ಷವೂ ಓಲೈಸುವುದಿಲ್ಲ, ಎದುರು ಪಕ್ಷವೂ ಕೇಳುವುದಿಲ್ಲ. ಆರಾಧನೆಯ ಸ್ವಾತಂತ್ರ್ಯವು ಸಂವಿಧಾನದ 25ನೆಯ ವಿಧಿ ನಮಗೆ ಕೊಟ್ಟಿರುವ ಹಕ್ಕೇ ಹೊರತು ಯಾವ ಶಾಸಕರ ಕೃಪೆಯೂ ಅಲ್ಲ ಎಂಬುದನ್ನು ಯುವಜನರಿಗೆ ಕಲಿಸಿ.

ವಿಜ್ಞಾಪನೆಯ ಪ್ರಾರ್ಥನೆಯನ್ನು ಮೊದಲೇ ಬರೆದುಕೊಳ್ಳಿ, ಆ ಕ್ಷಣದಲ್ಲಿ ಬಂದ ಮಾತಿನೊಳಗೆ ಒಲವು ನುಸುಳುತ್ತದೆ. ಉದಾಹರಣೆಗೆ: "ಕರ್ತನೇ, ನಮ್ಮ ಕ್ಷೇತ್ರದಲ್ಲಿ ಸ್ಪರ್ಧಿಸುತ್ತಿರುವ ಎಲ್ಲರನ್ನೂ ನಿನ್ನ ಮುಂದೆ ತರುತ್ತೇವೆ, ಅವರಿಗೆ ಬಡವರ ಮೇಲೆ ಕನಿಕರವನ್ನೂ ಸುಳ್ಳಿನ ಮೇಲೆ ಅಸಹ್ಯವನ್ನೂ ಕೊಡು. ಮತಗಟ್ಟೆಗಳಲ್ಲಿ ದುಡಿಯುವ ಶಿಕ್ಷಕರನ್ನೂ ಪೊಲೀಸರನ್ನೂ ಕಾಪಾಡು. ನಮ್ಮೂರಿನ ಯಾವ ಮನೆಯವರೂ ಭಯದಿಂದ ಬಾಗಿಲು ಮುಚ್ಚಿಕೊಳ್ಳದಂತೆ ಮಾಡು."

ಮತದಾರರ ಪಟ್ಟಿ, ವೃದ್ಧರು, ಪಂಚಾಂಗ

ಸಭೆಯು ಯಾವ ಅಳುಕೂ ಇಲ್ಲದೆ ಮಾಡಬಹುದಾದ ಕೆಲಸಗಳಿವು. ಹೆಸರು ಸೇರಿಸಲು ನಮೂನೆ 6, ವಿಳಾಸ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೆಸರು ಸೇರುವುದಿಲ್ಲ, ಆದ್ದರಿಂದ ಹದಿನೆಂಟು ತುಂಬುತ್ತಿರುವವರ ಹೆಸರುಗಳನ್ನು ಚರ್ಚಿನ ದೃಢೀಕರಣದ (ಕನ್ಫರ್ಮೇಶನ್) ದಾಖಲೆಯಿಂದ ಮೊದಲೇ ತೆಗೆದು ನೆನಪಿಸಿ. 85 ವರ್ಷ ದಾಟಿದವರೂ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರೂ ಲೋಕಸಭೆ ವಿಧಾನಸಭೆಗಳ ಚುನಾವಣೆಯಲ್ಲಿ ನಮೂನೆ 12ಡಿ ತುಂಬಿ ಮನೆಯಿಂದಲೇ ಮತ ಹಾಕಬಹುದು. ಇದರ ಗಡುವು ಅಧಿಸೂಚನೆಯಿಂದ ಐದೇ ದಿನ. ಮನೆಯಲ್ಲೇ ಕರ್ತರ ಭೋಜನ ಪಡೆಯುವವರ ಪಟ್ಟಿ ಸಭಾಪಾಲಕರ ಬಳಿ ಹೇಗೂ ಇರುತ್ತದೆ, ಅದನ್ನೇ ಹಿಡಿದು ಹೊರಡಿ. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಅಭ್ಯರ್ಥಿಗಳು ಸಲ್ಲಿಸಿದ ಪ್ರಮಾಣಪತ್ರಗಳು ಆಯೋಗದ ಜಾಲತಾಣದಲ್ಲಿ ಸಿಗುತ್ತವೆ. ಅದನ್ನು ತೆರೆದು ಓದುವುದು ಹೇಗೆಂದು ಯುವಜನ ಸಂಘದವರು ಹಿರಿಯರಿಗೆ ತೋರಿಸಿಕೊಡಲಿ, ಯಾರ ಪ್ರಮಾಣಪತ್ರವನ್ನು ತೆರೆಯಬೇಕೆಂದು ಮಾತ್ರ ಹೇಳದಿರಲಿ.

ಚುನಾವಣೆಯ ದಿನವನ್ನು ಚರ್ಚಿನ ಪಂಚಾಂಗದೊಂದಿಗೆ ಹೋಲಿಸಿ ನೋಡಿ. 2019ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ ದಕ್ಷಿಣದ ಹದಿನಾಲ್ಕು ಕ್ಷೇತ್ರಗಳಿಗೆ ಏಪ್ರಿಲ್ 18ರಂದು, ಶುಭ ಶುಕ್ರವಾರದ ಹಿಂದಿನ ದಿನವೇ ಮತದಾನ ನಡೆಯಿತು. ಅಂಥ ಸಂದರ್ಭದಲ್ಲಿ ಸಂಜೆಯ ಆರಾಧನೆಯನ್ನು ಒಂದು ಗಂಟೆ ತಡವಾಗಿ ಇಟ್ಟುಕೊಂಡರೆ ಮತಗಟ್ಟೆಯ ಕರ್ತವ್ಯದಲ್ಲಿರುವವರ ಮನೆಯವರಿಗಾದರೂ ಅನುಕೂಲವಾಗುತ್ತದೆ.

ಸಭೆಯವರೇ ಸ್ಪರ್ಧಿಸಿದಾಗ

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾದದ್ದರಿಂದ ಅಲ್ಲಿ ತೊಂದರೆ ಕಡಿಮೆಯೆಂದು ತೋರುತ್ತದೆ. ನಿಜದಲ್ಲಿ ಅದೇ ಹೆಚ್ಚು ನೋಯಿಸುತ್ತದೆ, ಏಕೆಂದರೆ ಒಂದೇ ಸಭೆಯ ಇಬ್ಬರು, ಕೆಲವೊಮ್ಮೆ ಅಣ್ಣ ತಮ್ಮಂದಿರ ಮಕ್ಕಳೇ, ಎದುರುಬದುರಾಗಿ ನಿಲ್ಲುತ್ತಾರೆ. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ತನಕ ಆ ಸದಸ್ಯರು ವಾಚನ, ಪ್ರಕಟಣೆ, ಕಾಣಿಕೆ ಎತ್ತುವುದು, ಸಮಿತಿಯ ಕೆಲಸ ಎಲ್ಲದರಿಂದಲೂ ದೂರವಿರಲಿ. ಇದನ್ನು ಶಿಕ್ಷೆಯೆಂದು ಅವರು ತಿಳಿಯದಂತೆ ಸಭಾಪಾಲಕರು ಇಬ್ಬರ ಮನೆಗೂ ಹೋಗಿ ಹೇಳಬೇಕು, ಎರಡೂ ಮನೆಗಳಿಗೆ ಒಂದೇ ದಿನ ಹೋಗಬೇಕು.

ವಾಟ್ಸ್‌ಆ್ಯಪ್ ಗುಂಪನ್ನು ಆ ಅವಧಿಗೆ ನಿರ್ವಾಹಕರು ಮಾತ್ರ ಸಂದೇಶ ಕಳುಹಿಸುವಂತೆ ಬದಲಾಯಿಸಿ. ಯಾವುದೋ ಊರಿನ ಚರ್ಚು ಸುಟ್ಟಿತೆಂಬ ಹಳೆಯ ವೀಡಿಯೊ ಬಂದರೆ, ಆ ಊರಿನ ಸಭೆಯವರಿಗೆ ಕರೆ ಮಾಡಿ ವಿಚಾರಿಸಿದ ಹೊರತು ಮುಂದಕ್ಕೆ ಕಳುಹಿಸಬೇಡಿ.

ಫಲಿತಾಂಶದ ನಂತರ

ಮೊದಲ ಭಾನುವಾರ, ಆರಾಧನೆಯಲ್ಲಿ ಒಬ್ಬರಿಗೊಬ್ಬರು ಸಮಾಧಾನ ಕೋರುವ ಸಮಾಧಾನದ ವಂದನೆಯನ್ನು ಅವಸರದಲ್ಲಿ ಮುಗಿಸಬೇಡಿ. ಸೋತ ಕಡೆಯವರ ಮನೆಗಳಿಗೆ ಆ ವಾರವೇ ಭೇಟಿ ಕೊಡಿ. ಗೆದ್ದವರು ಯಾರೇ ಆಗಿರಲಿ, ತಿಂಗಳೊಳಗೆ ಅವರಿಗೆ ಸಭೆಯ ಲೆಟರ್‌ಹೆಡ್‌ನಲ್ಲಿ ಒಂದು ಮನವಿ ಹೋಗಬೇಕು. ನಮ್ಮಲ್ಲಿ ಬಹುತೇಕ ಮನವಿಗಳು ಸಮಾಧಿ ಭೂಮಿಯಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಅದು ನ್ಯಾಯವಾದ ಬೇಡಿಕೆಯೇ. ಸರ್ವೆ ನಂಬರು, ಗ್ರಾಮದ ನಕ್ಷೆ, ಹಿಂದೆ ಕೊಟ್ಟ ಅರ್ಜಿಯ ಸ್ವೀಕೃತಿಯ ಪ್ರತಿ ಇವುಗಳೊಂದಿಗೆ ಕೊಡಿ. ಜೊತೆಗೆ ಬೀದಿಯ ಚರಂಡಿ, ಸರ್ಕಾರಿ ಶಾಲೆಯ ಖಾಲಿ ಹುದ್ದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯರು ಎಂಬಂತೆ ನೆರೆಹೊರೆಯ ಎಲ್ಲರಿಗೂ ಬೇಕಾದ ಒಂದನ್ನಾದರೂ ಸೇರಿಸಿ, ಅದಕ್ಕೆ ಪಕ್ಕದ ಬೀದಿಯ ಇತರ ಧರ್ಮದವರ ಸಹಿಯನ್ನೂ ಕೇಳಿ ಪಡೆಯಿರಿ. ಮನವಿಯ ಪ್ರತಿಯೊಂದನ್ನು ನಡಾವಳಿ ಪುಸ್ತಕದಲ್ಲಿ ಚುನಾವಣಾ ನಿರ್ಣಯದ ಮುಂದಿನ ಪುಟಕ್ಕೆ ಅಂಟಿಸಿ, ಆರು ತಿಂಗಳ ನಂತರದ ಸಮಿತಿ ಸಭೆಯಲ್ಲಿ ಅದರ ಗತಿಯೇನಾಯಿತೆಂದು ಕೇಳುವ ಹೊಣೆಯನ್ನು ಒಬ್ಬ ಸದಸ್ಯರಿಗೆ ಹೆಸರು ಹೇಳಿ ವಹಿಸಿ.