ಕಂಬಿ ತೆಗೆದರೂ ನಿಂತ ಬೆನ್ನೆಲುಬು

ಬೆನ್ನೆಲುಬಿನ ಪ್ಲಾಸ್ಟಿಕ್ ಮಾದರಿಯ ಒಳಗಿನ ಕಂಬಿ ಎಳೆದು ತೆಗೆದು, ಸ್ನಾಯು ಇರುವ ಜಾಗದಲ್ಲೇ ಹುರಿ ಕಟ್ಟಿ ನಿಲ್ಲಿಸುತ್ತೇನೆ ಎಂದಾಗ ಮಂಗಳೂರಿನಲ್ಲಿ ಈ ಕೆಲಸ ಗೊತ್ತಿದ್ದವರೆಲ್ಲ ಹೇಳಿದ್ದು ಒಂದೇ ಮಾತು: "ಅದು ನಿಲ್ಲುವುದಲ್ಲ ಮಾರಾಯ್ರೇ, ಕಂಬಿ ಇರಲಿ ಬಿಡಿ." ಮೂರು ಸಲ ಕೆಟ್ಟದ್ದೂ ಹೌದು. ನಾಲ್ಕನೆಯದು ನಿಂತಿತು, ಒಂದು ಮಳೆಗಾಲ ಕಳೆದರೂ ನಿಂತೇ ಇದೆ. ಕುತ್ತಿಗೆ ಭಾಗ ಕಳಚಿ ಟಿ1ರ (ಎದೆ ಭಾಗದ ಮೊದಲ ಬೆನ್ನುಮಣಿ) ಮೇಲೆ ಮೂರು ಕೆಜಿ ಅಕ್ಕಿ ಚೀಲ ಇಟ್ಟರೂ ತಡೆಯುತ್ತದೆ.

ಮಣಿಗಳ ಸೆಟ್ ತೆಗೆದುಕೊಳ್ಳುವಾಗಲೇ ಎರಡು ಕಡೆ ಬೆರಳಾಡಿಸಿ ನೋಡಬೇಕು. ಎಲ್3ರ (ಸೊಂಟದ ಮೂರನೇ ಮಣಿ) ಮೇಲಿನ ಕೀಲುಮುಖದ, ಅಂದರೆ ಫೆಸೆಟ್‌ನ ಹಿಂಬದಿಗೆ ಉಗುರು ಎಳೆದರೆ ಹೆಸರುಕಾಳಿನಷ್ಟು ಉಬ್ಬು ತಾಗಬೇಕು. ಅದು ಮ್ಯಾಮಿಲರಿ ಪ್ರೊಸೆಸ್. ಅಗ್ಗದ ಅಚ್ಚುಗಳಲ್ಲಿ ಅದು ಇರುವುದೇ ಇಲ್ಲ, ಅದಿಲ್ಲದಿದ್ದರೆ ಮಲ್ಟಿಫಿಡಸ್ (ಮಣಿಯಿಂದ ಮಣಿಗೆ ಹೋಗುವ ಬೆನ್ನಿನ ಒಳಸ್ನಾಯು) ಕಟ್ಟಲು ಜಾಗವಿಲ್ಲ. ಇನ್ನೊಂದು ಟಿ12. ಅದರ ಮೇಲಿನ ಫೆಸೆಟ್ ಎದೆಯ ಮಣಿಯ ಹಾಗೆ ಹಿಂದಕ್ಕೆ ಮುಖ ಮಾಡಿರಬೇಕು, ಕೆಳಗಿನದು ಸೊಂಟದ ಮಣಿಯ ಹಾಗೆ ಹೊರಬದಿಗೆ. ಟಿ11, ಟಿ12 ಅದಲುಬದಲಾಗಿ ಪೋಣಿಸಿದ ಸೆಟ್‌ಗಳು ಬರುತ್ತವೆ. ಕಂಬಿ ಇರುವವರೆಗೆ ಆ ತಪ್ಪು ಯಾರಿಗೂ ಕಾಣುವುದಿಲ್ಲ.

ಮೊದಲ ಸಲ ಬಿದ್ದದ್ದು ಪೀಠದ ದೆಸೆಯಿಂದ. ಅಂಗಡಿಯ ಸ್ಟ್ಯಾಂಡ್ ಸೊಂಟದ ಕೆಳಗಿನ ತ್ರಿಕೋನ ಮೂಳೆಯ, ಅಂದರೆ ಸೇಕ್ರಮ್‌ನ ತಲೆಯನ್ನು ಹೆಚ್ಚುಕಮ್ಮಿ ಸಪಾಟಾಗಿ ಹಿಡಿಯುತ್ತದೆ. ನಿಂತ ಮನುಷ್ಯನಲ್ಲಿ ಅದು ಮುಂದಕ್ಕೆ ಸುಮಾರು 40 ಡಿಗ್ರಿ ಇಳಿಜಾರು. ಸಪಾಟು ಪೀಠದ ಮೇಲೆ ಸೊಂಟದ ಬಾಗು ಹಾಗೇ ಉಳಿದು ಇಡೀ ಕಂಬ ಹಿಂದಕ್ಕೆ ವಾಲಿತು. ಹಲಸಿನ ಹಲಗೆಯಲ್ಲಿ ಓರೆಯಾದ ತುಂಡು ಕೊಯ್ಸಿ ಅದರ ಮೇಲೆ ಸೇಕ್ರಮ್ ಸ್ಕ್ರೂ ಮಾಡಿದ ಮೇಲೆ ಸರಿಯಾಯಿತು.

ಡಿಸ್ಕಿಗೆ (ಮಣಿಗಳ ನಡುವಿನ ಮೆತ್ತೆ) ಹವಾಯಿ ಚಪ್ಪಲಿಯಷ್ಟು ಒಳ್ಳೆಯದು ಬೇರೆ ಸಿಗಲಿಲ್ಲ. ಸ್ಪಂಜು ಕುಸಿಯುತ್ತದೆ, ಟಯರ್ ರಬ್ಬರ್ ಬಾಗುವುದಿಲ್ಲ. ಹೊಸ ಅಟ್ಟೆಯ ಹಿಮ್ಮಡಿ 15 ಮಿಮೀ ಹತ್ತಿರ ಇರುತ್ತದೆ. ಸೊಂಟದ ಡಿಸ್ಕ್ ಮುಂದೆ 12, ಹಿಂದೆ 8. ಎಲ್5-ಎಸ್1ಕ್ಕೆ (ಸೊಂಟದ ಕೊನೆಯ ಮಣಿಗೂ ಸೇಕ್ರಮ್ಮಿಗೂ ನಡುವಿನದು) ಮುಂದೆ 14, ಹಿಂದೆ 6, ಆ ಬೆಣೆಯಾಕಾರ ತಪ್ಪಿದರೆ ಮೇಲಿನದೆಲ್ಲ ತಪ್ಪುತ್ತದೆ. ಎದೆಯ ಭಾಗಕ್ಕೆ ಸಮನಾಗಿ 5 ಸಾಕು. ಅಲ್ಲಿಯ ಗೂನು ಬರುವುದು ಮಣಿಯ ಆಕಾರದಿಂದ, ಡಿಸ್ಕಿನಿಂದಲ್ಲ. ರಂಪಿಗೆಯನ್ನು (ಚಪ್ಪಲಿ ಹೊಲಿಯುವವರ ಕತ್ತಿ) ಸೋಪು ನೀರಿನಲ್ಲಿ ಅದ್ದಿ ಅದ್ದಿ ಕೊಯ್ದರೆ ರಬ್ಬರ್ ಜಗ್ಗದೆ ಬರುತ್ತದೆ, ಆಮೇಲೆ 80ರ ಎಮರಿ. ಅಂಟಿಗೆ ಚಪ್ಪಲಿ ರಿಪೇರಿಯವರ ಹಳದಿ ಸಲ್ಯೂಷನ್. ಎರಡೂ ಬದಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒತ್ತಬೇಕು. ಜೂನ್-ಜುಲೈಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ ಕರಾವಳಿಯ ತೇವಕ್ಕೆ ಅಂಟಿನ ಮೇಲೆ ಪಸೆ ಕೂತು ಮಣಿ ಮಾರನೇ ದಿನ ಕಳಚುತ್ತದೆ. ಎಂಟು ಡಿಸ್ಕ್ ಹಾಗೆ ಹೋಯಿತು. ಡಿಸ್ಕಿನ ನಡುವೆ ತೂತು ಕೊರೆದು ನಾನೇನು ತುಂಬುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಡನೆಯ ಸಲ ಕಟ್ಟಿದ್ದು ಉದ್ದದ ಸ್ನಾಯುಗಳನ್ನು ಮಾತ್ರ, ಅಂದರೆ ಲಾಂಜಿಸಿಮಸ್ ಮತ್ತು ಇಲಿಯೊಕಾಸ್ಟಾಲಿಸ್. ಪಕ್ಕೆಲುಬಿಲ್ಲದ ಸೆಟ್‌ನಲ್ಲಿ ಇಲಿಯೊಕಾಸ್ಟಾಲಿಸ್‌ಗೆ ಹಿಡಿತ ಎಲ್ಲಿಂದ? ಬುಟ್ಟಿ ಹೆಣೆಯುವ ಬಿದಿರ ಸಲಿಕೆಯನ್ನು ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಿ, ಟಿ8ರಿಂದ ಟಿ11ರವರೆಗೆ ನಾಲ್ಕು ಜೊತೆ ಕೂರಿಸಿದೆ. ಎರಡು ಬದಿಗೂ ದಪ್ಪ ಇಲಾಸ್ಟಿಕ್ ಬಿಗಿದೆ. ಎಲ್3 ಮುಂದಕ್ಕೆ ಜಾರಿತು. ಇನ್ನೂ ಬಿಗಿದೆ, ಇನ್ನೂ ಜಾರಿತು. ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಮಾತ್ರ ಹಿಡಿದು ಎಳೆದರೆ ನಡುವಿನ ಮಣಿಗಳನ್ನು ಕೇಳುವವರಿಲ್ಲ, ಬಿಗಿದಷ್ಟೂ ಅವು ತಪ್ಪಿಸಿಕೊಳ್ಳುತ್ತವೆ. ಶವದಿಂದ ಬಿಡಿಸಿ, ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ನಾರು) ಮಾತ್ರ ಉಳಿಸಿಕೊಂಡ ಟಿ1-ಸೇಕ್ರಮ್ ಕಂಬ ಕೂಡ ಎರಡು ಕೆಜಿ ಆಸುಪಾಸಿನ ಭಾರಕ್ಕೇ ಬಾಗಿಬಿಡುತ್ತದೆ.

ಅದಕ್ಕೆ ಮಲ್ಟಿಫಿಡಸ್. ಎಲ್1ರ ಮುಳ್ಳಿನಿಂದ (ಸ್ಪೈನಸ್ ಪ್ರೊಸೆಸ್) ಎಲ್3 ಮತ್ತು ಎಲ್4ರ ಮ್ಯಾಮಿಲರಿಗೆ, ಎಲ್2ರಿಂದ ಎಲ್4 ಮತ್ತು ಎಲ್5ಕ್ಕೆ, ಎಲ್3ರಿಂದ ಎಲ್5 ಮತ್ತು ಎಸ್1ಕ್ಕೆ, ಎಲ್4, ಎಲ್5ರಿಂದ ಒಂದೊಂದು ಸೇಕ್ರಮ್‌ಗೆ. ಒಂದು ಬದಿಗೆ ಎಂಟು, ಒಟ್ಟು ಹದಿನಾರು. ನಿಜವಾದ ಸ್ನಾಯುವಿನಲ್ಲಿ ಇನ್ನೂ ಎಳೆಗಳಿವೆ, ನಿಲ್ಲಲು ಇಷ್ಟು ಸಾಕು. 1.2 ಮಿಮೀ ಬಿಟ್‌ನಿಂದ ಕೈಯಲ್ಲೇ ತಿರುಗಿಸಿ ತೂತು ಕೊರೆಯಬೇಕು. ಮೆಷಿನ್ ಹಾಕಿದರೆ ಪ್ಲಾಸ್ಟಿಕ್ ಕರಗಿ ಬಿಟ್ಟನ್ನೇ ಕಚ್ಚಿಕೊಳ್ಳುತ್ತದೆ.

ಮೂರನೆಯ ಸಲ ಹದಿನಾರನ್ನೂ ಮೀನು ದಕ್ಕೆಯ ಬಲೆ ಸಾಮಾನಿನ ಅಂಗಡಿಯ ಹೆಣೆದ ನೈಲಾನ್ ಹುರಿಯಲ್ಲೇ ಕಟ್ಟಿದೆ. ನಿಂತಿತು, ಆದರೆ ಕೊಡಿಮರದ ಹಾಗೆ. ಮುಂದಕ್ಕೆ ಬಗ್ಗಿಸಿದ ಕೂಡಲೇ ಎಲ್2ರ ಮುಳ್ಳು ಟಕ್ಕನೆ ಮುರಿಯಿತು. ಈಗ ಹುರಿಯ ಕೊನೆಯ ಎರಡು ಸೆಂಟಿಮೀಟರ್ ಮಾತ್ರ ಇಲಾಸ್ಟಿಕ್. ಆ ಇಲಾಸ್ಟಿಕ್ಕಿಗೆ ಮೊದಲು ಅರ್ಧ ಕೆಜಿ ಕಲ್ಲು ಕಟ್ಟಿ ಎರಡು ರಾತ್ರಿ ನೇತುಹಾಕಬೇಕು, ಇಲ್ಲದಿದ್ದರೆ ವಾರದೊಳಗೆ ಸಡಿಲ. ಮುಂದುಗಡೆಯಿಂದ ಟಿ12-ಎಲ್5ರ ಬದಿಗಳಿಗೆ ಸೊವಾಸ್ ಸ್ನಾಯು ಕಟ್ಟಿ ಹಲಗೆಯ ಕೊಕ್ಕೆಗೆ ಎಳೆದರೆ ಹಿಂದಿನ ಎಳೆತಕ್ಕೆ ಜವಾಬು ಸಿಗುತ್ತದೆ. ಯಾವುದನ್ನು ಮೊದಲು ಬಿಗಿಯಬೇಕು ಎಂಬ ಕ್ರಮವೂ ಇದೆ. ಎಲ್5ರಿಂದ ಶುರು ಮಾಡಿ ಎಂದಷ್ಟೇ ಹೇಳುತ್ತೇನೆ.

ಜಿಐ ತಂತಿಯ ಯೋಚನೆ ಬಿಟ್ಟುಬಿಡಿ. ಉಪ್ಪುಗಾಳಿಗೆ ಆರು ತಿಂಗಳಲ್ಲಿ ತುಕ್ಕು ಹಿಡಿದು ಪ್ಲಾಸ್ಟಿಕ್ಕಿನ ಮೇಲೆಲ್ಲ ಕಂದು ಕಲೆ.

ಇನ್ನೊಂದು ಲಾಭ ತಾನಾಗಿ ಒದಗಿತು. ವರ್ಷಗಟ್ಟಲೆ ಮೆಟ್ಟಿದ ಹವಾಯಿಯ ಹಿಮ್ಮಡಿ 15ರಿಂದ 8-9ಕ್ಕೆ ಇಳಿದು ಕಲ್ಲಿನಂತಾಗಿರುತ್ತದೆ. ಅದರದ್ದೇ ಒಂದು ಡಿಸ್ಕ್ ತೆಳ್ಳಗೆ ಕೊಯ್ದು ಎಲ್4-ಎಲ್5ಕ್ಕೆ ಹಾಕಿ ನೋಡಿ. ಫೆಸೆಟ್‌ಗಳು ಒಂದರ ಮೇಲೊಂದು ಕೂತು ಉಜ್ಜುತ್ತವೆ, ನರ ಹೊರಬರುವ ಕಿಂಡಿ ಕಿರಿದಾಗುತ್ತದೆ, ಆ ಮಟ್ಟದ ಮಲ್ಟಿಫಿಡಸ್ ಹುರಿ ಜೋಲುತ್ತದೆ. ನರಕ್ಕೆ ಹಳದಿ ವಯರ್ ಹಾಕುವವರು ಗಮನಿಸಿ: ಎಲ್4-ಎಲ್5 ಕಿಂಡಿಯಿಂದ ಹೊರಬರುವುದು ಎಲ್4 ನರ. ಎಲ್5 ನರ ಅದೇ ಡಿಸ್ಕಿನ ಬೆನ್ನ ಹಿಂದೆ ಹಾದು ಕೆಳಗಿನ ಕಿಂಡಿಗೆ ಹೋಗುತ್ತದೆ. ಡಿಸ್ಕ್ ಹಿಂದಕ್ಕೆ ಓರೆಯಾಗಿ ಉಬ್ಬಿದಾಗ ಸಾಮಾನ್ಯವಾಗಿ ಸಿಕ್ಕಿಬೀಳುವುದು ಹೀಗೆ ಹಾದುಹೋಗುವ ನರವೇ. ಮಾರಾಟದ ಮಾದರಿಗಳಲ್ಲೂ ಇದನ್ನು ತಪ್ಪಾಗಿ ಪೋಣಿಸಿದ್ದು ಕಂಡಿದ್ದೇನೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಬೆಳ್ತಂಗಡಿ ಕಡೆಯ ತೋಟದ ರಬ್ಬರ್ ಹಾಲಿನಲ್ಲಿ ತೆಂಗಿನ ನಾರು ಅದ್ದಿ, ಅಡ್ಡಗೆರೆಗೆ 30 ಡಿಗ್ರಿಯಲ್ಲಿ ಒಂದು ಪದರ ಎಡಕ್ಕೆ, ಒಂದು ಪದರ ಬಲಕ್ಕೆ ಸುತ್ತಿ ನಿಜವಾದ ಆನ್ಯುಲಸ್ (ಡಿಸ್ಕಿನ ಹೊರಸುತ್ತಿನ ನಾರಿನ ಉಂಗುರ) ಮಾಡಲು ಹೊರಟದ್ದು. ಒಣಗಲು ಹತ್ತು ಹನ್ನೊಂದು ದಿನ, ವಾಸನೆಗೆ ಹತ್ತಿರ ನಿಲ್ಲುವ ಹಾಗಿಲ್ಲ, ಆಷಾಢದಲ್ಲಿ ಬೂಷ್ಟು. ಆದರೆ ಆ ಒಂದು ಡಿಸ್ಕನ್ನು ಕೈಯಲ್ಲಿ ತಿರುಚಿದಾಗ ಅರ್ಧ ಪದರಗಳು ಮಾತ್ರ ಬಿಗಿಯಾಗಿ ಉಳಿದರ್ಧ ಸಡಿಲಾಗುವುದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಬಗ್ಗಿ ತಿರುಗಿ ಅಕ್ಕಿ ಮುಡಿ ಎತ್ತುವಾಗ ಡಿಸ್ಕಿಗೆ ಏನಾಗುತ್ತದೆ ಎಂದು ತೋರಿಸಲು ಅದನ್ನು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಖರ್ಚು ನೆನಪಿನಿಂದ ಹೇಳುವುದಾದರೆ ಸೆಟ್ 3,800, ಮೂರು ಜೊತೆ ಹವಾಯಿ 480, ಹುರಿ 350, ಇಲಾಸ್ಟಿಕ್ 200, ಸಲ್ಯೂಷನ್ 260, ಮರ 150. ಐದು ಸಾವಿರದ ಮೇಲೆ ಚಿಲ್ಲರೆ. ಕೆಟ್ಟ ಮೂರಕ್ಕೆ ಹೋದದ್ದು ಬೇರೆ, ಅದೂ ಹೆಚ್ಚುಕಮ್ಮಿ ಅಷ್ಟೇ.

ಕುತ್ತಿಗೆಯ ಏಳು ಮಣಿಯಲ್ಲಿ ಇನ್ನೂ ತಂತಿ ಇದೆ. ತಲೆಬುರುಡೆ ಇಲ್ಲದೆ ಸೆಮಿಸ್ಪೈನಾಲಿಸ್ ಕ್ಯಾಪಿಟಿಸ್ (ಕುತ್ತಿಗೆಯಿಂದ ಬುರುಡೆಗೆ ಹೋಗುವ ಸ್ನಾಯು) ಕಟ್ಟಲು ಮೇಲೆ ಕೊಕ್ಕೆಯೇ ಇಲ್ಲ. ಸಿ2ರ (ಕುತ್ತಿಗೆಯ ಎರಡನೇ ಮಣಿ) ಮುಳ್ಳಿಗೆ ಸುಳ್ಳು ಕೊಕ್ಕೆ ಹಾಕಿ ನೋಡಿದೆ, ಅದರ ಮೇಲಿನ ಮೊದಲ ಮಣಿ ಅಟ್ಲಾಸ್ ಅತ್ತಿತ್ತ ಹೊರಳುತ್ತದೆ. ಹಗುರದ ಬುರುಡೆಯೊಂದು ಸಾವಿರದೊಳಗೆ ಸಿಕ್ಕಿದರೆ ಆ ತಂತಿಯನ್ನೂ ಎಳೆಯುವುದೇ.