ಜೇನಿನ ತೇವ, ಡಬ್ಬದ ತೂಕ: ನಮ್ಮ ಪೋಡಿನ ಅನುಭವ

ಈ ಸಲ ಒಂದು ಡಬ್ಬವೂ ವಾಪಸ್ ಬರಲಿಲ್ಲ. ಹೆಚ್ಚುಕಡಿಮೆ ಹದಿನೆಂಟು ಕ್ವಿಂಟಾಲ್ ಹೆಜ್ಜೇನು ನಮ್ಮ ಜೇನು ಒಣಗಿಸುವ ಕೋಣೆಯಿಂದ ಹೊರಟಿತು, ಅಷ್ಟಕ್ಕೂ ದುಡ್ಡು ಬಂತು. ಮೂರು ವರ್ಷದ ಹಿಂದೆ ಇದು ಆಗಲ್ಲ ಅಂದವರ ಪಟ್ಟಿ ಉದ್ದ ಇದೆ. ನಮ್ಮ ಮಾವ ಅದರಲ್ಲಿ ಮೊದಲನೆಯವರು. ಈಗ ಅವರೇ ಬಂದವರಿಗೆಲ್ಲ ಕೋಣೆ ತೋರಿಸುತ್ತಾರೆ, ತಾವೇ ಕಟ್ಟಿಸಿದ ಹಾಗೆ.

ನಾವು ಸೋಲಿಗರು, ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನವರು. ಪೋಡು ಅಂದರೆ ನಮ್ಮ ಚಿಕ್ಕ ಊರು. 2011ರಲ್ಲಿ ಈ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶ ಅಂತ ಸಾರಿದರು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ನಮ್ಮ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಪತ್ರವೂ ಬಂತು. ಜೇನು, ನೆಲ್ಲಿ, ಕಲ್ಲುಹೂ ತರಲು ಹಕ್ಕೇನೋ ಸಿಕ್ಕಿತು. ಆದರೆ ತಂದದ್ದನ್ನು ತೂಗಿ, ಹದ ಮಾಡಿ, ಮಾರಿ, ಲೆಕ್ಕ ಇಡುವುದು ಯಾವ ಪತ್ರದಿಂದಲೂ ಬರುವುದಿಲ್ಲ ಅಲ್ವಾ? ನಮ್ಮದು ನಲವತ್ಮೂರು ಮನೆಗಳ ಚಿಕ್ಕ ಸಂಘ. ಪಿಯುಸಿ ಓದಿದ್ದೇನೆ ಅನ್ನುವ ಒಂದೇ ಕಾರಣಕ್ಕೆ ಲೆಕ್ಕದ ಪುಸ್ತಕ ನನ್ನ ತಲೆಗೆ ಬಂತು.

ನೀವೂ ಜೇನು ಕೊಳ್ಳುವ ಸಂಘದವರಾದರೆ ಮೊದಲ ಜಗಳ ಯಾವುದು ಅಂತ ಗೊತ್ತೇ ಇರುತ್ತದೆ: ತೂಕ. ಅದರಲ್ಲೂ ಖಾಲಿ ಡಬ್ಬದ ತೂಕ. ಎಣ್ಣೆ ಡಬ್ಬ, ಬಣ್ಣದ ಡಬ್ಬ, ಪ್ಲಾಸ್ಟಿಕ್ ಕ್ಯಾನು, ಎಲ್ಲದರಲ್ಲೂ ಜೇನು ಬರುತ್ತಿತ್ತು. ನಾನು ಅಂದಾಜಿನ ಮೇಲೆ ಒಂದು ಕಿಲೋ ಕಳೆಯುತ್ತಿದ್ದೆ. ಡಬ್ಬ ಇದ್ದದ್ದು ಮುಕ್ಕಾಲು ಕಿಲೋ. ಕಾಲು ಕಿಲೋ ಜೇನು ಯಾರ ಹೊಟ್ಟೆಗೆ ಹೋಯಿತು? ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮುಂದಿನ ವಾರ ಅವರ ಜೇನು ಬೆಟ್ಟಕ್ಕೆ ಬರುವ ವ್ಯಾಪಾರಿಗೆ ಹೋಯಿತು, ಅಷ್ಟೇ.

ಆಗ ಪೇಟೆಯಿಂದ ಒಂದು ಕಂಪನಿಯವರು ಬಂದರು. ಹೆಸರು ಬೇಡ, ಒಳ್ಳೆ ಹುಡುಗರೇ. ಬಿಟ್ಟಿಯಾಗಿ ಒಂದು ಆ್ಯಪ್ ಹಾಕಿಕೊಟ್ಟರು. ಫೋಟೋ, ನಕ್ಷೆ, ಗ್ರಾಫು, ಎಲ್ಲ ಇತ್ತು. ಒಳಗೆ ಹೋಗಬೇಕಾದರೆ ಮಾತ್ರ ಪ್ರತಿ ಸಲ ಒಟಿಪಿ ಬರಬೇಕು. ನಮ್ಮಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ, ಪೋಡಿನಿಂದ ಮೇಲಿರುವ ಬಂಡೆ ಮೇಲೆ. ಅದಕ್ಕೆ ಟವರ್ ಬಂಡೆ ಅಂತಲೇ ಹೆಸರು ಬಿದ್ದಿದೆ. ಬಂಡೆ ಹತ್ತಿ ಒಟಿಪಿ ತಂದು, ಕೆಳಗೆ ಇಳಿಯುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತಿತ್ತು. ಎರಡು ವಾರ ಹತ್ತಿ ಇಳಿದೆ. ಮೂರನೇ ವಾರ ಪುಸ್ತಕಕ್ಕೇ ವಾಪಸ್.

ಆಮೇಲೆ ನನ್ನದೇ ಬುದ್ಧಿ ಓಡಿಸಿದೆ. ಅಂಗಡಿಯವರ ಹತ್ತಿರ ಇರುವ ಚಿಕ್ಕ ಬಿಲ್ ಪ್ರಿಂಟರ್ ತಂದೆ, ಮೂರು ಸಾವಿರ ಚಿಲ್ಲರೆ. ತೂಗಿದ ಕೂಡಲೇ ಚೀಟಿ ಹರಿದು ಕೈಗೆ ಕೊಡುವುದು. ಜನರಿಗೆ ಖುಷಿಯೋ ಖುಷಿ. ಸೀಸನ್ ಮುಗಿದು ಪಾಲು ಹಂಚುವ ದಿನ ಎಲ್ಲರೂ ಚೀಟಿ ತಂದರು. ಚೀಟಿಗಳೆಲ್ಲ ಕರ್ರಗೆ! ನಮ್ಮವರು ಮುಖ್ಯವಾದ ಕಾಗದ ಏನಿದ್ದರೂ ಒಲೆಯ ಮೇಲಿನ ಸೂರಿಗೆ ಸಿಕ್ಕಿಸುತ್ತಾರೆ. ಅಲ್ಲಿ ಗೆದ್ದಲು ಹಿಡಿಯುವುದಿಲ್ಲ, ಇಲಿ ಮುಟ್ಟುವುದಿಲ್ಲ. ಆ ಪ್ರಿಂಟರ್ ಕಾಗದಕ್ಕೆ ಬಿಸಿ ತಾಗಿದರೆ ಸಾಕು, ಇಡೀ ಹಾಳೆ ಕಪ್ಪಾಗುತ್ತದೆ. ಒಬ್ಬ ಅಜ್ಜಿ ಹನ್ನೊಂದು ಕಪ್ಪು ಚೀಟಿಗಳನ್ನು ನೀಟಾಗಿ ದಾರ ಕಟ್ಟಿ ತಂದು ನನ್ನ ಮುಂದೆ ಇಟ್ಟರು. "ಓದಪ್ಪ" ಅಂದರು. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಸರಿಹೋದದ್ದು ತುಂಬಾ ಸಣ್ಣ ಕೆಲಸದಿಂದ. ಒಂದೇ ಅಳತೆಯ ಸ್ಟೀಲ್ ಡಬ್ಬ ಕೊಂಡು ಮನೆಗೆ ಎರಡರಂತೆ ಕೊಟ್ಟೆವು. ಡಬ್ಬ ಕೊಡುವಾಗಲೇ ಅವರ ಎದುರೇ ಖಾಲಿ ತೂಗಿ, ಆ ತೂಕವನ್ನು ಡಬ್ಬದ ಮೇಲೆ ಬಣ್ಣದಲ್ಲಿ ಬರೆದೆವು. ಪಕ್ಕದಲ್ಲಿ ಮನೆಯ ಗುರುತು. ನಮ್ಮ ಪೋಡಿನಲ್ಲಿ ಮಾದಮ್ಮ ಮೂವರು, ಮಾದ ನಾಲ್ವರು, ಹೆಸರು ಬರೆದರೆ ಮತ್ತೆ ಜಗಳ. ಅದಕ್ಕೆ ಚಿತ್ರ. ಆನೆ, ಕಾಟಿ, ನವಿಲು, ಸಂಪಿಗೆ, ಬಿದಿರು, ಏನು ಬೇಕೋ ಆರಿಸಿಕೊಳ್ಳಿ ಅಂದೆ. ಹುಲಿಗೆ ಎರಡು ಮನೆಯವರು ಕಿತ್ತಾಡಿದರು. ಕರಡಿಯನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ, ಅದು ಜೇನು ಕದಿಯುವ ಪ್ರಾಣಿ. ಕೊನೆಗೆ ಸಂಘದ ಡಬ್ಬಕ್ಕೆ ಕರಡಿ ಬರೆದೆ. ಅದು ತಪ್ಪಾಯಿತು, ಈಗಲೂ ನನ್ನನ್ನು ನೋಡಿ ನಗುತ್ತಾರೆ.

ತಕ್ಕಡಿ ಎರಡೂ ಕಡೆ ಅಂಕಿ ಕಾಣಿಸುವಂಥದ್ದು. ತಂದವರ ಕಡೆಗೇ ದೊಡ್ಡ ಅಂಕಿ ಇರಬೇಕು, ನನ್ನ ಕಡೆಗಲ್ಲ. ಲೆಕ್ಕ ಒಂದು ಹಳೇ ಮೊಬೈಲ್‌ನಲ್ಲಿ, ನೆಟ್‌ವರ್ಕ್ ಇಲ್ಲದೆ ಓಡುವ ಸಾದಾ ಸ್ಪ್ರೆಡ್‌ಶೀಟ್. ಜೊತೆಗೆ ಕಾರ್ಬನ್ ಹಾಳೆ ಇಟ್ಟು ಬಾಲ್ ಪೆನ್ನಿನಲ್ಲಿ ಬರೆಯುವ ಬಿಲ್ ಪುಸ್ತಕ. ಆ ಚೀಟಿ ಒಲೆ ಮೇಲೆ ಹತ್ತು ವರ್ಷ ಇದ್ದರೂ ಹೊಗೆ ಹಿಡಿಯುತ್ತದೆಯೇ ಹೊರತು ಅಳಿಸುವುದಿಲ್ಲ.

ಓದಲು ಬಾರದವರಿಗೆ ಅಂತ ಮೊಬೈಲ್ ಬಾಯಲ್ಲೇ ತೂಕ ಹೇಳಿಸಿದೆ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ಸೌಲಭ್ಯ ಈಗ ಫೋನಿನಲ್ಲೇ ಇರುತ್ತದೆ. ಮೊದಲ ದಿನ ಅದು "ಹನ್ನೆರಡು ಪಾಯಿಂಟ್ ನಾಲ್ಕು" ಅಂದಿತು. "ಹನ್ನೆರಡು ಗೊತ್ತಾಯಿತು, ನಾಲ್ಕು ಏನು, ನಾಲ್ಕು ಗ್ರಾಮಾ?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ಆ ಕಾಲಂ ಒಡೆದು ಕಿಲೋ ಬೇರೆ, ಗ್ರಾಂ ಬೇರೆ ಮಾಡಿದೆ. ಈಗ "ಹನ್ನೆರಡು ಕಿಲೋ ನಾಲ್ಕುನೂರು ಗ್ರಾಂ" ಅನ್ನುತ್ತದೆ, ನ್ಯೂಸ್ ಓದುವವಳ ಗತ್ತಿನಲ್ಲಿ. ಅಜ್ಜಿಯರು ಅದಕ್ಕೆ ಮೇಡಂ ಅಂತಲೇ ಕರೆಯುತ್ತಾರೆ. "ಮೇಡಂ ಹೇಳ್ಲಿ, ಆಮೇಲೆ ಬರಿ" ಅಂತಾರೆ.

ಇಷ್ಟಾದ ಮೇಲೆ ಜೇನು ಬರತೊಡಗಿತು. ಆಗ ನಿಜವಾದ ಕಷ್ಟ ಶುರುವಾಯಿತು.

ಹೆಜ್ಜೇನಿನಲ್ಲಿ ನೀರು ಜಾಸ್ತಿ. ನಮ್ಮದು ಸಾಮಾನ್ಯವಾಗಿ 22ರಿಂದ 24 ಪರ್ಸೆಂಟ್ ತೋರಿಸುತ್ತಿತ್ತು, ಮಳೆ ಬಿದ್ದ ಮೇಲೆ ಕೊಯ್ದದ್ದಾದರೆ ಇನ್ನೂ ಮೇಲೆ. ಆಹಾರ ಸುರಕ್ಷತೆಯ ನಿಯಮದಲ್ಲಿ ಮಿತಿ 20. ಮೊದಲ ವರ್ಷ ನಾವು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಜುಲೈ ಹೊತ್ತಿಗೆ ಗೋದಾಮಿನಲ್ಲಿ ಡಬ್ಬದ ಮುಚ್ಚಳಗಳು ಉಬ್ಬಿದವು. ಒಂದು ರಾತ್ರಿ ಮೂರು ಮುಚ್ಚಳ ಹಾರಿ ನೆಲವೆಲ್ಲ ನೊರೆ, ಬೆಳಗ್ಗೆ ಇರುವೆ ಸಾಲು. ವಾಸನೆ ಹೆಂಡದ್ದೇ. ಒಬ್ಬಿಬ್ಬರು ರುಚಿ ನೋಡಿ "ಪರವಾಗಿಲ್ಲ" ಅಂದರು, ಆ ಮಾತು ಬೇರೆ.

ಎರಡನೇ ವರ್ಷ ಕಾಯಿಸಿ ನೋಡಿದೆವು. ಹಂಡೆಯ ಬಿಸಿನೀರಿನಲ್ಲಿ ಡಬ್ಬ ಇಟ್ಟು ಗಂಟೆಗಟ್ಟಲೆ ಕಲಕಿದೆವು. ತೇವ ಒಂದು ಪಾಯಿಂಟ್ ಇಳಿಯಿತೋ ಇಲ್ಲವೋ, ಬಣ್ಣ ಮಾತ್ರ ಕಾಫಿ ಡಿಕಾಕ್ಷನ್ ಆಯಿತು. ಕೊಳ್ಳುವವರು ಲ್ಯಾಬಿಗೆ ಕಳಿಸಿದರು. ಜೇನು ಕಾಯಿಸಿದರೆ ಹೆಚ್ಚುವ ಎಚ್‌ಎಂಎಫ್ ಅನ್ನುವ ವಸ್ತುವಿಗೆ ಮಿತಿ ಕಿಲೋಗೆ 80 ಮಿಲಿಗ್ರಾಂ, ನಮ್ಮದು ಅದನ್ನು ದಾಟಿ ಎಲ್ಲೋ ಹೋಗಿತ್ತು. ಎರಡು ಕ್ವಿಂಟಾಲ್ ವಾಪಸ್. ಬೇಕರಿಯವರೊಬ್ಬರಿಗೆ ಅರ್ಧಕ್ಕರ್ಧ ಬೆಲೆಗೆ ಕೊಟ್ಟೆವು. ಲಾರಿ ಬಾಡಿಗೆ ಸೇರಿ ಎಪ್ಪತ್ತು ಸಾವಿರವಾದರೂ ಕೈಬಿಟ್ಟಿತು.

ಆಮೇಲೆ ಹಿಡಿದದ್ದೇ ಈಗಿನ ದಾರಿ: ಜೇನನ್ನು ಕಾಯಿಸುವುದಲ್ಲ, ಅದರ ಸುತ್ತ ಇರುವ ಗಾಳಿಯನ್ನು ಒಣಗಿಸುವುದು. ಎಂಟು ಅಡಿಗೆ ಹತ್ತು ಅಡಿ ಕೋಣೆ, ಒಳಗೆ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಮೆಷಿನ್, ಒಂದು ಫ್ಯಾನು, ರ್‍ಯಾಕ್ ತುಂಬ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಜೇನು ಒಂದು ಇಂಚಿಗಿಂತ ಆಳ ಬೇಡ. ಕೋಣೆಯ ಗಾಳಿಯ ತೇವ 60 ಪರ್ಸೆಂಟ್ ಆಸುಪಾಸು ಇದ್ದರೆ ಜೇನು 18ರ ಹತ್ತಿರ ನಿಲ್ಲುತ್ತದೆ. ಆದರೆ ಬೇಗ ಒಣಗಬೇಕಾದರೆ 50ರ ಕೆಳಗೆ ಇಡಬೇಕು.

ಮೊದಲ ವಾರ ಮೆಷಿನ್ ಹಗಲುರಾತ್ರಿ ಓಡಿದರೂ ಮೀಟರ್ 70ರಿಂದ ಕೆಳಗೆ ಇಳಿಯಲಿಲ್ಲ. "ನೀವು ಬೆಟ್ಟದ ಮಂಜನ್ನೆಲ್ಲ ಒಣಗಿಸೋಕೆ ಹೊರಟಿದ್ದೀರಾ?" ಅಂತ ಮಾವ ಕೇಳಿದರು. ಅವರು ಹೇಳಿದ್ದು ಸರಿ ಇತ್ತು. ಹೆಂಚಿನ ಸಂದಿಯಿಂದ ಮಂಜೆಲ್ಲ ಒಳಗೆ ಬರುತ್ತಿತ್ತು. ದಪ್ಪ ಪ್ಲಾಸ್ಟಿಕ್ ಶೀಟಿನಲ್ಲಿ ಒಳಗಡೆಯೇ ಇನ್ನೊಂದು ಕೋಣೆ ಕಟ್ಟಿದ ಹಾಗೆ ಮಾಡಿದೆವು, ಬಾಗಿಲಿಗೆ ರಬ್ಬರ್ ಪಟ್ಟಿ. ಮರುದಿನ ಮೀಟರ್ 46. ಮೆಷಿನ್‌ನ ಬಕೆಟ್ ತುಂಬಾ ನೀರು. ಆ ಬಕೆಟ್ಟನ್ನು ಚಾವಡಿಗೆ ಹೊತ್ತು ತಂದು ಎಲ್ಲರಿಗೂ ತೋರಿಸಿದೆ. ಇಷ್ಟು ನೀರಿಗೆ ನಾವು ಜೇನಿನ ದುಡ್ಡು ಕೊಟ್ಟಿದ್ದೇವೆ ಅಂದೆ.

23.5 ಇದ್ದ ಜೇನು ಸುಮಾರು ಒಂದೂವರೆ ದಿನದಲ್ಲಿ 19ಕ್ಕೆ ಬರುತ್ತದೆ. ತಟ್ಟೆಗಳನ್ನು ಯಾವಾಗ ಅದಲುಬದಲು ಮಾಡುತ್ತೇವೆ, ಫ್ಯಾನ್ ಯಾವ ಕಡೆ ಮುಖ ಮಾಡಿ ಇಡುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮೊದಲು ಎರಡೂವರೆ ದಿನ ಹಿಡಿಯುತ್ತಿತ್ತು, ಅದರಿಂದಲೇ ಕಡಿಮೆಯಾದದ್ದು. ಬೇಕಾದರೆ ಬಂದು ನೋಡಿ, ಒಂದು ಡಬ್ಬ ಜೇನು ಕೊಂಡುಕೊಂಡು ಹೋಗಿ.

ತೇವ ನೋಡುವ ರಿಫ್ರಾಕ್ಟೋಮೀಟರ್ ಬಗ್ಗೆ ಒಂದು ಮಾತು. ನಮ್ಮವರು ಅದಕ್ಕೆ ದುರ್ಬೀನು ಅಂತಾರೆ. ಮೊದಲು ಕೊಂಡ ಅಗ್ಗದ್ದು ಒಂದೂವರೆ ಪಾಯಿಂಟ್ ಕಡಿಮೆ ತೋರಿಸುತ್ತಿತ್ತು. ಗೊತ್ತಾಗುವಷ್ಟರಲ್ಲಿ ಒಂದು ಲೋಡ್ ಹೋಗಿಬಿಟ್ಟಿತ್ತು. ಈಗ ಎರಡು ಇಟ್ಟಿದ್ದೇವೆ. ಒಳ್ಳೆ ಆಲಿವ್ ಎಣ್ಣೆ ಒಂದು ತೊಟ್ಟು ಹಾಕಿದರೆ ಅದರಲ್ಲಿರುವ ಬ್ರಿಕ್ಸ್ ಅನ್ನುವ ಸಕ್ಕರೆ ಅಳತೆಯಲ್ಲಿ 71, 72ರ ಹತ್ತಿರ ಬರಬೇಕು. ಬರದಿದ್ದರೆ ಸ್ಕ್ರೂ ತಿರುಗಿಸಿ. ಚಿಕ್ಕ ಬಾಟಲಿ ಎಣ್ಣೆ ವರ್ಷಾನುಗಟ್ಟಲೆ ಬರುತ್ತದೆ, ಅಡುಗೆಗೆ ಯಾರೂ ಕದಿಯಲ್ಲ.

ದುಡ್ಡಿನ ವಿಷಯ. ನೂರು ಕಿಲೋ ಒಣಗಿಸಿದರೆ ಕೈಗೆ ಬರುವುದು ತೊಂಬತ್ನಾಲ್ಕೂವರೆ. ಈ ಐದೂವರೆ ಕಿಲೋ ಯಾರ ತಲೆ ಮೇಲೆ? ಇದಕ್ಕೆ ಎರಡು ಸಭೆ ನಡೆದವು. ಕೊನೆಗೆ ತೇವದ ಮೇಲೆ ಬೆಲೆ ಅಂತ ಮಾಡಿದೆವು. 21ರ ಒಳಗಿದ್ದರೆ ಕಿಲೋಗೆ 320, 23ರವರೆಗೆ 300, ಅದಕ್ಕಿಂತ ನೀರಾದರೆ 280. 2020ರಲ್ಲಿ ಕೇಂದ್ರ ಸರ್ಕಾರ ಕಾಡುಜೇನಿನ ಬೆಂಬಲ ಬೆಲೆಯನ್ನು 195ರಿಂದ 225ಕ್ಕೆ ಏರಿಸಿದಾಗಲೇ ನಮ್ಮವರು ಜಾಸ್ತಿ ಆಯ್ತು ಅಂದುಕೊಂಡಿದ್ದರು, ಹಾಗಾಗಿ 280 ಕೂಡ ಕೆಟ್ಟದ್ದಲ್ಲ. ಆದರೆ ಪಕ್ಕದ ಮನೆಯವನಿಗೆ 320 ಸಿಕ್ಕಿ ತನಗೆ 280 ಅಂದರೆ ಯಾರು ಸುಮ್ಮನಿರುತ್ತಾರೆ? ಎರಡನೇ ವಾರದಿಂದಲೇ ಹುಡುಗರು ಮೇಣ ಮುಚ್ಚಿದ, ಅಂದರೆ ನೀರು ಕಡಿಮೆಯಾದ, ಜೇನಿನ ಹಲ್ಲೆ ನೋಡಿ ಕೊಯ್ಯತೊಡಗಿದರು, ಮಳೆ ಬಿದ್ದ ಮರುದಿನ ಮರ ಹತ್ತುವುದು ಬಿಟ್ಟರು. ಹಿರಿಯರಿಗೆ ಇದು ಮೊದಲೇ ಗೊತ್ತಿದ್ದ ವಿದ್ಯೆ. ವ್ಯಾಪಾರಿ ನೀರಿಗೂ ಜೇನಿಗೂ ಒಂದೇ ಬೆಲೆ ಕೊಟ್ಟು ಅದನ್ನು ಮರೆಸಿದ್ದ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಮೆಷಿನ್ ಇಪ್ಪತ್ತೆರಡು ಸಾವಿರ, ತಟ್ಟೆ ರ್‍ಯಾಕ್ ಇಪ್ಪತ್ತಾರು, ಕೋಣೆ ರಿಪೇರಿ ಹದಿನಾಲ್ಕು, ಇನ್ವರ್ಟರ್ ಬ್ಯಾಟರಿ ಮೂವತ್ನಾಲ್ಕು, ತಕ್ಕಡಿ ಏಳು, ದುರ್ಬೀನುಗಳು ಎರಡೂವರೆ. ಲಕ್ಷದ ಮೇಲೆ ಐದಾರು ಸಾವಿರ. ಡಬ್ಬಗಳ ದುಡ್ಡು ಬೇರೆ. ಕಾಡಿನ ಉತ್ಪನ್ನ ಮಾರುವ ಬುಡಕಟ್ಟು ಸಂಘಗಳಿಗೆ ಸರ್ಕಾರ ನೆರವು ಕೊಡುವ ವನಧನ ಯೋಜನೆಗೆ ಓಡಾಡಿದೆ, ಆದರೆ ಒಂದು ಕೇಂದ್ರಕ್ಕೆ ಮುನ್ನೂರು ಜನ ಸದಸ್ಯರು ಬೇಕು. ನಮ್ಮಲ್ಲಿ ಮಕ್ಕಳು ಮರಿ ಸೇರಿಸಿದರೂ ಅಷ್ಟಾಗಲ್ಲ. ಮಹಿಳಾ ಸಂಘದಿಂದ ಅರವತ್ತು ಸಾವಿರ ಸಾಲ ತೆಗೆದೆವು. ಸಾಲ ಕೊಡುವಾಗ ಹೆಂಗಸರು ಒಂದು ಷರತ್ತು ಹಾಕಿದರು: ಜೇನಿನ ದುಡ್ಡು ಹೆಂಡತಿಯ ಬ್ಯಾಂಕ್ ಖಾತೆಗೇ ಬೀಳಬೇಕು. ಗಂಡಸರು ಒಂದು ದಿನ ಮುಖ ಊದಿಸಿಕೊಂಡರು. ಸಾಲ ಎರಡನೇ ಸೀಸನ್‌ಗೇ ತೀರಿತು. ಈಗ ಪಾವತಿ ದಿನ ಟವರ್ ಬಂಡೆ ಮೇಲೆ ಹೆಂಗಸರದೇ ಜಾತ್ರೆ, ಮೆಸೇಜ್ ಬಂತಾ ಅಂತ.

ಎಡವಟ್ಟು ಈಗಲೂ ಆಗುತ್ತದೆ. ಕರೆಂಟ್ ಹೋದರೆ ಇನ್ವರ್ಟರ್ ನಾಲ್ಕು ಗಂಟೆ ಎಳೆಯುತ್ತದೆ. ಹೋದ ಜೂನ್‌ನಲ್ಲಿ ರಾತ್ರಿಯಿಡೀ ಕರೆಂಟ್ ಇಲ್ಲ. ತಟ್ಟೆ ಮುಚ್ಚಿ ಬರೋಣ ಅಂದರೆ ಕೋಣೆ ಪಕ್ಕದ ಹಲಸಿನ ಮರದ ಕೆಳಗೆ ಆನೆ. ಬೆಳಗಿನವರೆಗೂ ಕಿಟಕಿಯಲ್ಲಿ ಕೂತು ಅದು ಹಣ್ಣು ತಿನ್ನುವ ಸದ್ದು ಕೇಳಿದ್ದೇ ಕೆಲಸ. ಜೇನು 20ರಿಂದ 21ಕ್ಕೆ ಹೋಗಿತ್ತು, ಇನ್ನರ್ಧ ದಿನ ಜಾಸ್ತಿ ಓಡಿಸಬೇಕಾಯಿತು.

ಕೋಣೆ ಖಾಲಿ ಇದ್ದಾಗ ಸುಮ್ನೆ ಕೂರಲಿಲ್ಲ. ಕಲ್ಲುಹೂ ಒಣಗಿಸಿದೆ. ಚೆನ್ನಾಗಿ ಒಣಗಿತು, ಆದರೆ ತೂಕ ನೋಡಿ ತಂದವರು ಹೊಡೆಯುವುದೊಂದು ಬಾಕಿ. ಕುಟುಕದ ಚಿಕ್ಕ ನೊಣದ ನಸರು ಜೇನು ಇಟ್ಟೆ, ಅದರಲ್ಲಿ ನೀರು ಇನ್ನೂ ಜಾಸ್ತಿ ಅಲ್ವಾ. ಒಣಗಿಸಿದರೆ ಅದರ ಹುಳಿಯೂ ಇಲ್ಲ, ಘಮವೂ ಇಲ್ಲ, ಸುಮ್ನೆ ಸಿಹಿ. ಅದನ್ನು ಮುಟ್ಟಬೇಡಿ, ಹಾಗೇ ಚಿಕ್ಕ ಬಾಟಲಿಯಲ್ಲಿ ಮಾರಿ. ಕಾಫಿ ಒಂದು ಮಟ್ಟಿಗೆ ಪರವಾಗಿಲ್ಲ. ಮೋಡ ಕವಿದ ಡಿಸೆಂಬರ್‌ನಲ್ಲಿ ಅಂಗಳದಲ್ಲಿ ಬೂಸ್ಟು ಹಿಡಿಯುವ ಬೀಜ ಇಲ್ಲಿ ಉಳಿಯಿತು. ಆದರೆ ಕರೆಂಟ್ ಬಿಲ್ ಹಾಕಿ ನೋಡಿದರೆ ಕಿಲೋಗೆ ಎಷ್ಟು ಉಳಿಯುತ್ತದೆ ಅಂತ ನನಗೆ ಇನ್ನೂ ಕೂಡಿಬಂದಿಲ್ಲ. ಈ ವರ್ಷ ಮೀಟರ್ ಬೇರೆ ಹಾಕಿಸಿದ್ದೇನೆ.

ಮೊನ್ನೆ ಪಕ್ಕದ ಪೋಡಿನವರು ಆರು ಖಾಲಿ ಡಬ್ಬ ಹೊತ್ತು ಬಂದರು, ತೂಗಿ ಬರೆದುಕೊಡು ಅಂತ. ಬರೆದುಕೊಟ್ಟೆ. ಗುರುತು ಯಾವುದು ಹಾಕಲಿ ಅಂದೆ. "ಕರಡಿ ಬಿಟ್ಟು ಏನಾದರೂ ಹಾಕು" ಅಂದರು.