ಸ್ವಿಚರ್‌ನಲ್ಲಿ ಚಿತ್ರ ಬಂದು ಹೋಗುತ್ತಿದ್ದರೆ ಎಲ್ಲಿಂದ ಹುಡುಕಬೇಕು

ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದವೆಂದರೆ ಮಾಟುಂಗ, ಕುರ್ಲಾ, ಸಾಂತಾಕ್ರೂಜ್‌ನ ಸಭಾಗೃಹಗಳಲ್ಲಿ ಆಟದ ಜೊತೆ ನೇರಪ್ರಸಾರವೂ ಇರುತ್ತದೆ. ಮೂರು ಕ್ಯಾಮೆರಾ, ಅವುಗಳ ಚಿತ್ರಗಳಲ್ಲಿ ಬೇಕಾದ್ದನ್ನು ಆರಿಸಿ ಪ್ರಸಾರಕ್ಕೆ ಕೊಡುವ ಒಂದು ಸ್ವಿಚರ್. ಪೂರ್ತಿ ಸತ್ತ ಕ್ಯಾಮೆರಾದ ದೋಷ ಬೇಗ ಸಿಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎರಡು ಸೆಕೆಂಡು ಕಪ್ಪಾಗಿ ಮತ್ತೆ ಬರುವ ಚಿತ್ರದ್ದೇ ಕಷ್ಟ.

ಮೊದಲು ಚಿತ್ರ ಹೇಗೆ ಹೋಗುತ್ತದೆ ನೋಡಿ. ಅಕ್ಕಿ ಎರಚಿದಂತೆ ಬಿಳಿ ಚುಕ್ಕೆಗಳು ಮಿನುಗಿದರೆ ಕೇಬಲ್‌ನಲ್ಲಿ ಸಿಗ್ನಲ್ ಸೋತಿದೆ. ಪೂರ್ತಿ ಕಪ್ಪಾಗಿ, ಮತ್ತೆ ಸ್ವಚ್ಛವಾಗಿ ಬಂದರೆ ಎರಡು ಉಪಕರಣಗಳ ಸಂಪರ್ಕ ಕಡಿದು ಹೊಸದಾಗಿ ಕೂಡಿದೆ: ಸಡಿಲ ಪ್ಲಗ್, ಕರೆಂಟ್ ಅಥವಾ ಅರ್ಥಿಂಗ್ ಕಾರಣವಿರಬಹುದು. ಡಿಜಿಟಲ್ ಸಿಗ್ನಲ್ ಹಳೆಯ ಆಂಟೆನಾದಂತೆ ಮೆಲ್ಲಗೆ ಮಸುಕಾಗುವುದಿಲ್ಲ. ಅಂಚಿನವರೆಗೂ ಚೆನ್ನಾಗಿದ್ದು ಅಲ್ಲಿಂದ ಒಮ್ಮೆಲೇ ಬೀಳುತ್ತದೆ. ಹಾಗಾಗಿ ಮಧ್ಯಾಹ್ನ ಸರಿಯಿದ್ದ ಲೈನು ರಾತ್ರಿಯೂ ಸರಿಯಿರುತ್ತದೆ ಎಂದು ನಂಬುವ ಹಾಗಿಲ್ಲ.

ಎರಡನೇ ಕ್ಯಾಮೆರಾದ ಚಿತ್ರ ಹೋಗುತ್ತಿದೆ ಎಂದುಕೊಳ್ಳಿ. ಸ್ವಿಚರ್ ತುದಿಯಲ್ಲಿ 1 ಮತ್ತು 2ರ ಕೇಬಲ್‌ಗಳನ್ನು ಅದಲುಬದಲು ಮಾಡಿ. ತೊಂದರೆ 2ನೇ ಇನ್‌ಪುಟ್‌ನಲ್ಲೇ ಉಳಿದರೆ ಸ್ವಿಚರ್‌ನ ಸಾಕೆಟ್ಟೇ ಕೆಟ್ಟಿದೆ. 1ಕ್ಕೆ ಹೋದರೆ ಕೇಬಲ್ ಅಥವಾ ಕ್ಯಾಮೆರಾ. ಆಗ ಮೊದಲಿದ್ದಂತೆ ಹಾಕಿ, ಈಗ ಕ್ಯಾಮೆರಾ ತುದಿಯಲ್ಲಿ ಬದಲಿಸಿ. ತೊಂದರೆ ಕೇಬಲ್ಲನ್ನು ಹಿಂಬಾಲಿಸುತ್ತದೋ ಕ್ಯಾಮೆರಾವನ್ನೋ ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಹತ್ತು ನಿಮಿಷಕ್ಕೊಮ್ಮೆ ಬರುವ ದೋಷಕ್ಕೆ ಕನಿಷ್ಠ ಅರ್ಧ ಗಂಟೆ ಕಾಯಲೇಬೇಕು. ಐದು ನಿಮಿಷ ನೋಡಿ ‘ಸರಿಯಾಯ್ತು’ ಎನ್ನುವುದರಿಂದಲೇ ಅರ್ಧ ಸಮಸ್ಯೆಗಳು ಪ್ರಯೋಗದ ಮಧ್ಯೆ ಮರಳುತ್ತವೆ.

ಹೆಚ್ಚಿನ ಸಲ ಸಿಕ್ಕಿಬೀಳುವುದು ಕ್ಯಾಮೆರಾ ಪಕ್ಕದ ಮೈಕ್ರೋ ಎಚ್‌ಡಿಎಂಐ ಪ್ಲಗ್, ಅಂದರೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್‌ನ ಪುಟ್ಟ ತುದಿ. ಅದರ ಅಗಲ 6 ಮಿಲಿಮೀಟರ್‌ಗೂ ಸ್ವಲ್ಪ ಕಡಿಮೆ. ಅದಕ್ಕೆ ದಪ್ಪ ಕೇಬಲ್ ಜೋತುಬಿದ್ದಿರುತ್ತದೆ. ವೇಷಧಾರಿ ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹೊಡೆದಾಗ ಮರದ ರಂಗ ಅದುರಿ, ಅದರ ಮೇಲಿಟ್ಟ ಟ್ರೈಪಾಡ್ ಅದುರಿ, ಪ್ಲಗ್ ಕೂದಲೆಳೆಯಷ್ಟು ಜಾರುತ್ತದೆ. ಚಿತ್ರ ಕುಣಿತದ ಹೊತ್ತಿಗೇ ಹೋಗುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ. ಅರ್ಧ ಮೀಟರಿನ ತೆಳು ಕೇಬಲ್ಲನ್ನು ಕ್ಯಾಮೆರಾಕ್ಕೆ ಹಾಕಿ, ಅದನ್ನು ಕ್ಲ್ಯಾಂಪ್‌ನಿಂದ ಬಿಗಿದು, ದಪ್ಪ ಕೇಬಲ್‌ನ ಭಾರ ಟ್ರೈಪಾಡ್ ಕಾಲಿನ ಮೇಲೆ ಬೀಳುವಂತೆ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ.

ಸಾಧಾರಣ ಎಚ್‌ಡಿಎಂಐ ಕೇಬಲ್ಲನ್ನು 10 ಮೀಟರಿನ ಆಚೆ ನಂಬಬೇಡಿ. ಅದಕ್ಕಿಂತ ದೂರವಾದರೆ ಚಿತ್ರವನ್ನು ಎಸ್‌ಡಿಐಗೆ (ದೂರಕ್ಕೆ ಒಯ್ಯಬಲ್ಲ ವೃತ್ತಿಪರ ವಿಡಿಯೊ ಸಿಗ್ನಲ್) ಬದಲಿಸುವ ಕನ್ವರ್ಟರ್ ಒಳ್ಳೆಯದು. 1080ಪಿ50ಗೆ (1080 ಸಾಲು, ಸೆಕೆಂಡಿಗೆ 50 ಚಿತ್ರಗಳ ವಿಡಿಯೊ) ಒಳ್ಳೆಯ ಆರ್‌ಜಿ-6 ಕೇಬಲ್ (ಡಿಶ್ ಟಿವಿಗೆ ಹಾಕುವಂಥ ದುಂಡು ಕೇಬಲ್) 50 ಮೀಟರ್ ಆರಾಮಾಗಿ ಒಯ್ಯುತ್ತದೆ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಳ್ಳುವಾಗ ‘75 ಓಮ್, ನಡುತಂತಿ ಪೂರ್ತಿ ತಾಮ್ರ’ ಎಂದು ಕೇಳಿ. 50 ಓಮ್‌ನ ಆರ್‌ಜಿ-58 ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ; ಅದನ್ನು ಹಾಕಿದರೆ ಸಿಗ್ನಲ್‌ನ ಒಂದು ಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಎಸ್‌ಡಿಐ ಕೇಬಲ್‌ನ ತುದಿಯ ಬಿಎನ್‌ಸಿ ಪ್ಲಗ್‌ನ ಒಳಗೆ ಟಾರ್ಚ್ ಬಿಟ್ಟು ನೋಡಿ: ನಡುವಿನ ಪಿನ್ ನೇರ ನಿಂತಿರಬೇಕು, ಹಿಂದೆ ಸರಿದಿರಬಾರದು, ಸುತ್ತಲಿನ ಜಾಲರಿಯ ಒಂದೆಳೆಯೂ ಅದಕ್ಕೆ ತಾಗಿರಬಾರದು. ಮುಂಬಯಿಯ ಉಪ್ಪುಗಾಳಿಗೆ ಪಿನ್ ಕಪ್ಪಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಕೇಬಲ್ ಸರಿಯಿದ್ದೂ ಚಿತ್ರ ಹೋಗುತ್ತಿದ್ದರೆ ಆ ಕ್ಯಾಮೆರಾ ಮತ್ತು ಅದರ ಕನ್ವರ್ಟರನ್ನು ಬ್ಯಾಟರಿ, ಪವರ್ ಬ್ಯಾಂಕ್‌ಗಳ ಮೇಲೆ ನಡೆಸಿ ನೋಡಿ. ದೋಷ ನಿಂತರೆ ಕಾರಣ ಕರೆಂಟಿನ ಕಡೆಯದು. ಬಾಲ್ಕನಿಯ ಪ್ಲಗ್ ಒಂದು ಫೇಸ್‌ನಲ್ಲಿ, ರಂಗದ ಪ್ಲಗ್ ಇನ್ನೊಂದರಲ್ಲಿ ಇದ್ದು ಎರಡರ ಅರ್ಥಿಂಗ್ ನಡುವೆ ವ್ಯತ್ಯಾಸವಿದ್ದರೆ ಆ ಕರೆಂಟು ವಿಡಿಯೊ ಕೇಬಲ್‌ನ ಹೊರಜಾಲರಿಯಲ್ಲಿ ಹರಿಯುತ್ತದೆ. ರಂಗದ ದೀಪ ಬದಲಾದಾಗ ಚಿತ್ರ ಮಿಣುಕುವುದು ಇದರ ಗುರುತು. ಸ್ವಿಚರ್ ಇರುವ ಬೋರ್ಡಿನಿಂದಲೇ ಎಲ್ಲ ಕ್ಯಾಮೆರಾಗಳಿಗೂ ಎಕ್ಸ್‌ಟೆನ್ಷನ್ ಎಳೆಯಿರಿ; ದೀಪಗಳ ಲೈನು ಬೇರೆ ಇರಲಿ. ಅರ್ಥ್ ಪಿನ್ ಕಿತ್ತರೆ ತೊಂದರೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಅದು ಜೀವಕ್ಕೇ ಅಪಾಯ. 5 ವೋಲ್ಟ್‌ನ ಕನ್ವರ್ಟರ್‌ಗೆ ಅಗ್ಗದ ಮೊಬೈಲ್ ಚಾರ್ಜರ್ ಹಾಕಿದ್ದರೆ ಅದನ್ನೂ ಬದಲಿಸಿ.

ಉಳಿದವು ಸಣ್ಣವು. ಎಲ್ಲ ಕ್ಯಾಮೆರಾಗಳ ಔಟ್‌ಪುಟ್ಟನ್ನೂ ‘ಆಟೊ’ದಿಂದ ತೆಗೆದು 1080ಪಿ50ಕ್ಕೆ ಇಡಿ, ತಾನಾಗಿ ಆಫ್ ಆಗುವ ಆಯ್ಕೆ ಮುಚ್ಚಿ. ಒಂದು ಗಂಟೆಯ ಬಳಿಕವಷ್ಟೇ ತೊಂದರೆ ಶುರುವಾಗುತ್ತಿದ್ದರೆ ಸ್ವಿಚರ್ ಮುಟ್ಟಿ ನೋಡಿ: ಸುಡುತ್ತಿದ್ದರೆ ಲ್ಯಾಪ್‌ಟಾಪ್ ಮೇಲಿಂದ ಇಳಿಸಿ ಫ್ಯಾನ್ ಹಚ್ಚಿ. ದೋಷ ಸಿಕ್ಕ ಕೇಬಲ್‌ನ ಎರಡೂ ತುದಿಗೆ ಕೂಡಲೇ ಕೆಂಪು ಟೇಪ್ ಸುತ್ತಿ ಬೇರೆ ಚೀಲಕ್ಕೆ ಹಾಕಿ, ಇಲ್ಲದಿದ್ದರೆ ಮುಂದಿನ ವಾರ ಅದೇ ಕೇಬಲ್ ಮತ್ತೆ ಕೈಗೆ ಬರುತ್ತದೆ.